ಲಕ್ಷ್ಮಮ್ಮ, ಹೂವು

ಇಪ್ಪತ್ತೆಂಟು ವರ್ಷ ನಾನು ಮಾಡಿದ ಕೆಲಸವನ್ನು ಒಂದೇ ಉಸಿರಿಗೆ ಹೇಳಿಬಿಡಬಹುದು. ಫೈಲಿನಿಂದ ಒಂದು ಸಾಲು ಓದುವುದು, ಕಾಮಾ ಕಂಡಲ್ಲಿ ಕತ್ತರಿಸುವುದು, ಕತ್ತರಿಸಿದ ಚೂರುಗಳನ್ನು ಅವವುಗಳ ಜಾಗದಲ್ಲಿ ಇಡುವುದು. ಆಮೇಲೆ ಮುಂದಿನ ಸಾಲು. ಸಿ ಭಾಷೆಯಲ್ಲಿ ಇಷ್ಟನ್ನೇ ಬರೆಯುತ್ತಾ ಬರೆಯುತ್ತಾ ತಲೆ ನರೆಯಿತು. ಹೋದ ವರ್ಷ, ಐವತ್ತಮೂರು ತುಂಬಿದ ಮೇಲೆ, ನಾನೇ ಕೇಳಿಕೊಂಡು ನಿವೃತ್ತಿ ತಗೊಂಡೆ. ನನ್ನ ನಂತರ ಆ ಕೆಲಸ ನೋಡಿಕೊಳ್ಳುತ್ತಿರುವ ಇಮ್ರಾನ್ ಮೊನ್ನೆ ಫೋನ್ ಮಾಡಿದ್ದ. ಹೊಸಬರು ನಾಲ್ಕು ಜನ ಸೇರಿದ್ದಾರಂತೆ, ಅವರಿಗಾಗಿ ಏನಾದರೂ ಬರೆದುಕೊಡಬೇಕಂತೆ, ಪುಸ್ತಕದಲ್ಲಿ ಸಿಗದಂಥದ್ದು.

ಅಂಥದ್ದು ನನ್ನ ಹತ್ತಿರ ಒಂದೇ ಇದೆ. ನನ್ನ ಪ್ರೋಗ್ರಾಮು ಅಚ್ಚು ಹಾಕಿಕೊಟ್ಟ ತಪ್ಪು ರಿಪೋರ್ಟನ್ನು ನಂಬಿಕೊಂಡು ಯಶವಂತಪುರದ ಹೂ ಮಾರುವ ಹೆಂಗಸೊಬ್ಬರು ನಾಲ್ಕು ತಿಂಗಳು ಓಡಾಡಿದರು. ಅದನ್ನೇ ಬರೆಯುತ್ತೇನೆ.

ನಮ್ಮ ಆಫೀಸು ಗೊರಗುಂಟೆಪಾಳ್ಯದ ಹತ್ತಿರ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಸಣ್ಣ ಕಂಪನಿ. ತೂಕದ ಯಂತ್ರ, ಬಾಯ್ಲರು, ಲ್ಯಾಬಿನ ಮಿಷನ್ನು, ಹೀಗೆ ಯಾವ ಯಂತ್ರ ಏನು ಉಗುಳಿದರೂ ಅದನ್ನು ಮನುಷ್ಯರು ಓದುವ ಹಾಗೆ ಮಾಡಿಕೊಡುವುದು ನಮ್ಮ ಕಸುಬು. ಮಾಲೀಕರು ನರಹರಿ ಸರ್. ನಾನು ಸೇರಿದ ಹೊಸದರಲ್ಲಿ ಅವರೇ ಪಕ್ಕದಲ್ಲಿ ಕೂತು ಕಲಿಸಿದವರು. “ಕಂಪ್ಯೂಟರಿಗೆ ಅನುಮಾನ ಬರಲ್ಲಮ್ಮ ವಸಂತಾ. ಅನುಮಾನ ಪಡೋದಕ್ಕೇ ನಿನಗೆ ಸಂಬಳ” ಅನ್ನುತ್ತಿದ್ದರು. ನನ್ನ ಮೊದಲ ಪ್ರೋಗ್ರಾಮು ಒಂದು ಸಾಲಿಗೆ ಎಂಬತ್ತು ಅಕ್ಷರದ ಜಾಗ ಇಟ್ಟಿತ್ತು. ಎಂಬತ್ತು ದಾಟಿದ ಸಾಲು ಬಂದ ದಿನ ಮಿಕ್ಕ ಅರ್ಧವನ್ನು ಅದು ಹೊಸ ಸಾಲು ಅಂದುಕೊಂಡು, ಇಲ್ಲದ ಒಂದು ಬಾಯ್ಲರನ್ನೇ ಹುಟ್ಟಿಸಿತು. ಸರ್ ಬೈಯಲಿಲ್ಲ. ಆ ಬಾಯ್ಲರಿಗೆ ನಾಮಕರಣ ಯಾವಾಗ ಅಂತ ವಾರವಿಡೀ ಕೇಳಿದರು. ಇನ್ನೊಂದು ಸಲ, ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡು ಬರುತ್ತಿದ್ದದ್ದು ತಿಳಿಯದೆ, ಕೊನೆಯ ಕಾಲಂ ಯಾಕೆ ಹೊಂದುತ್ತಿಲ್ಲ ಅಂತ ಎರಡು ದಿನ ಪರದೆಯನ್ನೇ ನೋಡುತ್ತಾ ಕೂತಿದ್ದೆ. ಇಂಥವೆಲ್ಲ ಎಲ್ಲರಿಗೂ ಆಗುತ್ತವೆ. ನಿಮಗೂ ಆಗಲಿ.

ಕಾಲ ಹೋದಂತೆ ಜೊತೆಯವರೆಲ್ಲ ಬೇರೆ ಭಾಷೆಗೆ, ಬೇರೆ ಕಂಪನಿಗೆ, ಹೆಬ್ಬಾಳದಾಚೆಯ ಗಾಜಿನ ಕಟ್ಟಡಗಳಿಗೆ ಹೋದರು. ಹೊಸಬರಿಗೆ ಪಕ್ಕದ ಹಾಲ್ ಮಾಡಿಕೊಟ್ಟರು. ಹಳೆಯ ಕೋಣೆಯಲ್ಲಿ ಉಳಿದವಳು ನಾನು, ಹಳೆಯ ಎರಡು ಮಿಷನ್ನು, ಒಂದು ಬೀರು. ಮಧ್ಯಾಹ್ನ ಡಬ್ಬಿ ತೆಗೆದರೆ ಹಾಲ್‌ನಿಂದ ನಗು ಕೇಳಿಸುತ್ತಿತ್ತು. ಮೊದಮೊದಲು ಯಾರಾದರೂ “ಬನ್ನಿ ಮೇಡಂ” ಅನ್ನುತ್ತಿದ್ದರು. ನಾನು ಎರಡು ಸಲ, “ಇದೊಂದು ಮುಗಿಸಿಬರ್ತೀನಿ” ಅಂದೆ. ಮೂರನೆಯ ಸಲ ಯಾರೂ ಕರೆಯಲಿಲ್ಲ. ಮನೆ ವಿದ್ಯಾರಣ್ಯಪುರದಲ್ಲಿ. ಅಮ್ಮ ಹೋದ ಮೇಲೆ ಅಲ್ಲೂ ನಾನೊಬ್ಬಳೇ. ಬೆಳಿಗ್ಗೆ ಬಸ್ಸಿನ ಕಂಡಕ್ಟರಿಗೆ ಒಂದು ಮಾತು, ಸಂಜೆ ತರಕಾರಿಯವರಿಗೆ ಒಂದು ಮಾತು. ಅದಕ್ಕೇ ಇರಬೇಕು, ದಿನಚರಿ ಬರೆಯುವ ಅಭ್ಯಾಸ ಅಂಟಿಕೊಂಡಿತು. ಯಾವ ಬಸ್ಸು, ಯಾವ ಸಾರು, ಯಾವ ತಪ್ಪು ತಿದ್ದಿದೆ, ಎಲ್ಲ ಬರೆದಿಡುತ್ತಿದ್ದೆ. ಈಗ ಹೇಳುತ್ತಿರುವುದೂ ಅದರಿಂದಲೇ.

ಯಶವಂತಪುರ ಮಾರ್ಕೆಟ್ಟಿನ ಹಿಂದೊಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬು ನಮ್ಮ ಗಿರಾಕಿ. ಅವರ ಮಿಷನ್ನು ಒಬ್ಬರಿಗೆ ಒಂದು ಸಾಲಿನಂತೆ ಫೈಲು ಕೊಡುತ್ತಿತ್ತು. ಎಂಟು ಕಾಲಂ: ಸ್ಯಾಂಪಲ್ ನಂಬರು, ವಯಸ್ಸು, ಗಂಡೋ ಹೆಣ್ಣೋ, ಹೆಸರು, ಖಾಲಿ ಹೊಟ್ಟೆಯ ಶುಗರ್, ಊಟದ ನಂತರದ ಶುಗರ್, ಯೂರಿಯಾ, ಕ್ರಿಯಾಟಿನಿನ್. ಅದನ್ನು ಓದಿ ಅಚ್ಚುಕಟ್ಟಾದ ರಿಪೋರ್ಟು ಮಾಡುವುದು ನನ್ನ ಪ್ರೋಗ್ರಾಮು.

ಸಾಲು ಕತ್ತರಿಸುವುದಕ್ಕೆ ಸಿ ಭಾಷೆಯಲ್ಲಿ ಸ್ಟ್ರ್‌ಟಾಕ್ ಅಂತ ಸಿದ್ಧವಾಗಿರುವ ಫಂಕ್ಷನ್ನು ಇದೆ. ಅದರದ್ದೊಂದು ಗುಣ. ಎರಡು ಕಾಮಾ ಒಟ್ಟಿಗೆ ಬಂದರೆ, ಅಂದರೆ ನಡುವಿನ ಕಾಲಂ ಖಾಲಿ ಇದ್ದರೆ, ಆ ಖಾಲಿಯನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಮುಂದಿನದನ್ನು ಎಳೆದು ಕೈಗೆ ಕೊಡುತ್ತದೆ. ಲ್ಯಾಬಿನ ಹಳೆಯ ಮಿಷನ್ನು, ಮಾಡದೆ ಬಿಟ್ಟ ಪರೀಕ್ಷೆಗೆ ಸೊನ್ನೆ ಬರೆಯುತ್ತಿದ್ದುದರಿಂದ ತೊಂದರೆ ಇರಲಿಲ್ಲ. ಹೊಸದು ತಂದರು, ಅದು ಖಾಲಿ ಬಿಡತೊಡಗಿತು. ಊಟದ ನಂತರ ಇನ್ನೊಮ್ಮೆ ಬರದೇ ಹೋಗುವವರು ದಿನಾ ಇದ್ದೇ ಇರುತ್ತಾರೆ, ಅವರ ಸಾಲಿಗೆಲ್ಲ ಏಳೇ ಚೂರು ಬಂದು ಪ್ರೋಗ್ರಾಮು ನಿಂತಿತು. ಅವತ್ತು ಶುಕ್ರವಾರ. ಕತ್ತರಿಸುವ ಭಾಗವನ್ನೇ ಹೊಸದಾಗಿ ಬರೆಯಬೇಕಿತ್ತು, ಎರಡು ದಿನದ ಕೆಲಸ. ನಾನು ಹತ್ತು ನಿಮಿಷದಲ್ಲಿ ತೇಪೆ ಹಾಕಿದೆ. ಏಳು ಚೂರು ಬಂದರೆ ಊಟದ ನಂತರದ್ದು ಇಲ್ಲ ಅಂತ ತಿಳಿ, ಒಂಬತ್ತು ಬಂದರೆ ಸಾಲನ್ನು ವಾಪಸು ಕಳಿಸು, ಎಂಟು ಬಂದರೆ ಸರಿ. ಅವತ್ತಿನ ದಿನಚರಿ: “ಲ್ಯಾಬ್ ಸರಿಹೋಯಿತು. ಹುರುಳಿಕಾಯಿ ಪಲ್ಯ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು.”

ಒಂಬತ್ತು ಯಾಕೆ ಬರುತ್ತಿತ್ತು ಅಂದರೆ, ಲ್ಯಾಬಿನ ಮುಂದಿನ ಮೇಜಿನ ರೇಣುಕಾ. ಆ ಮಾರ್ಕೆಟ್ಟಿನಲ್ಲಿ ಒಂದೇ ಹೆಸರಿನವರು ಹತ್ತು ಜನ. ಒಬ್ಬರ ರಿಪೋರ್ಟು ಇನ್ನೊಬ್ಬರ ಕೈಗೆ ಹೋಗಬಾರದು ಅಂತ ಆಕೆ ಹೆಸರಿನ ಮುಂದೆ ಕಾಮಾ ಹಾಕಿ ಒಂದು ಗುರುತು ಬರೆಯುತ್ತಿದ್ದಳು. ಮಂಜುನಾಥ, ಆಟೋ. ಫಾತಿಮಾ, ಕೆಂಪು ಗೇಟು. ಲಕ್ಷ್ಮಮ್ಮ, ಹೂವು. ಮಿಷನ್ನು ಅದನ್ನು ಹಾಗೇ ಸಾಲಿಗೆ ಸೇರಿಸುತ್ತಿತ್ತು. ಕಾಮಾ ಹಾಕಬೇಡ ಅಂತ ನಾನು ಎಷ್ಟು ಸಲ ಹೇಳಿದ್ದೆನೋ. “ನಂಬರ್ ಯಾರಿಗೆ ನೆನಪಿರುತ್ತೆ ಮೇಡಂ? ಹೂವಿನ ಲಕ್ಷ್ಮಮ್ಮ ಅಂದ್ರೆ ನೆನಪಿರುತ್ತೆ” ಅನ್ನುತ್ತಿದ್ದಳು. ಸಾಲು ವಾಪಸು ಬಂದಾಗ ಕಾಮಾ ಅಳಿಸಿ ಮತ್ತೆ ಕಳಿಸುತ್ತಿದ್ದಳು. ಜನ ತುಂಬಿದ ಬೆಳಿಗ್ಗೆ ಕೈ ತಾನಾಗಿ ಮತ್ತೆ ಕಾಮಾ ಒತ್ತುತ್ತಿತ್ತು.

ಒಂದು ದಿನ ಆಕೆಯೇ ಫೋನ್ ಮಾಡಿದಳು. ಆಟೋ ಮಂಜುನಾಥ ಬಂದು ಕೂಗಾಡುತ್ತಿದ್ದಾನೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ ಊಟದ ನಂತರದ್ದು ಅಂತ ರಿಪೋರ್ಟು ಬಂದಿದೆ ಅಂದಳು. ಹಿಂದಿನಿಂದ ಅವನ ದನಿ ಕೇಳಿಸಿತು. “ನೀರೂ ಮುಟ್ಟಿಲ್ಲ ಕಣ್ರೀ. ಎಲ್ಲಿ ತಿಂದ್ಕೊಂಡು ಬಂದೆ ಅಂತ ಮನೇಲಿ ಕೇಳ್ತಾವ್ಳೆ, ಏನ್ ಹೇಳ್ಲಿ?”

ನಾನು ಪ್ರೋಗ್ರಾಮಿನ ದಾಖಲೆ ನೋಡಿದೆ. ಎಂಟು ಚೂರು, ಎಲ್ಲ ಸರಿ. ಮಿಷನ್ನಿನ ಹತ್ತಿರ ನೀವೇ ತಪ್ಪು ಒತ್ತಿರಬೇಕು, ನೋಡಿಕೊಳ್ಳಿ ಅಂದುಬಿಟ್ಟೆ. ಅವನ ಶುಗರ್ ತೊಂಬತ್ತೆರಡು, ಯಾವ ಕಾಲಂನಲ್ಲಿದ್ದರೂ ಆರೋಗ್ಯವೇ. ದಿನಚರಿಯಲ್ಲಿ “ಲ್ಯಾಬಿನವರ ಎಂಟ್ರಿ ತಪ್ಪು” ಅಂತ ಬರೆದೆ. ಅನುಮಾನ ಪಡುವುದಕ್ಕೇ ಸಂಬಳ ತಗೊಳ್ಳುತ್ತಿದ್ದವಳು ನಾನು.

ಮೂರು ವಾರ ಬಿಟ್ಟು ಕೆಂಪು ಗೇಟಿನ ಫಾತಿಮಾ ಅವರದ್ದೂ ಹಾಗೇ ಬಂತು. ಆಗ ಮಾತ್ರ ಮಿಷನ್ನಿನ ಮೂಲ ಫೈಲು ತರಿಸಿಕೊಂಡು, ಅಡಿಪಟ್ಟಿ ಇಟ್ಟು ಬೆರಳಿನಲ್ಲಿ ಎಣಿಸಿದೆ. ಹೆಸರಿನಲ್ಲಿ ಕಾಮಾ ಇದ್ದದ್ದರಿಂದ ಒಂದು ಚೂರು ಜಾಸ್ತಿ. ಊಟದ ನಂತರದ್ದು ಖಾಲಿ ಇದ್ದದ್ದರಿಂದ ಒಂದು ಚೂರು ಕಮ್ಮಿ. ಕೂಡಿಸಿದರೆ ಎಂಟು. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ನನ್ನ ಕಣ್ಣೆದುರೇ ದಾಟಿ ಹೋಗಿದ್ದವು. “ಕೆಂಪು ಗೇಟು” ಎಂಬ ಮಾತು ಖಾಲಿ ಹೊಟ್ಟೆಯ ಶುಗರಿನ ಜಾಗದಲ್ಲಿ ಕೂತಿತ್ತು. ಅಕ್ಷರವನ್ನು ಅಂಕಿ ಮಾಡುವ ಫಂಕ್ಷನ್ನಿಗೆ ಅದನ್ನು ಕೊಟ್ಟರೆ ಗಲಾಟೆ ಮಾಡುವುದಿಲ್ಲ, ಸುಮ್ಮನೆ ಸೊನ್ನೆ ಕೊಡುತ್ತದೆ. ಸೊನ್ನೆ ಬಂದರೆ “ಮಾಡಿಲ್ಲ” ಅಂತ ಅಚ್ಚು ಹಾಕು ಎಂದು ಬರೆದವಳೂ ನಾನೇ. ಖಾಲಿ ಹೊಟ್ಟೆಯ ಅಂಕಿ ಊಟದ ನಂತರದ ಕಾಲಂಗೆ ಜರುಗಿತ್ತು.

ಹಳೆಯ ಫೈಲುಗಳನ್ನೆಲ್ಲ ತೆಗೆದು, ಇಂಥ ಸಾಲು ಎಷ್ಟಿವೆ ಅಂತ ಹುಡುಕಲು ಇನ್ನೊಂದು ಪ್ರೋಗ್ರಾಮು ಬರೆದೆ. ಹನ್ನೊಂದು ಸಿಕ್ಕವು. ಹತ್ತು ಜನರಿಗೆ ಮಂಜುನಾಥನ ಹಾಗೆ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಉಳಿದದ್ದು ಇದು, ಫೈಲಿನಲ್ಲಿ ಇಂಗ್ಲಿಷ್ ಅಕ್ಷರ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:

214,58,ಹೆ,ಲಕ್ಷ್ಮಮ್ಮ, ಹೂವು,138,,31,0.9

ನೂರಮೂವತ್ತೆಂಟು ಖಾಲಿ ಹೊಟ್ಟೆಯದ್ದಾದರೆ ಸಕ್ಕರೆ ಕಾಯಿಲೆ. ಊಟದ ನಂತರದ್ದಾದರೆ ಏನೂ ಇಲ್ಲ. ರಿಪೋರ್ಟು ಏನೂ ಇಲ್ಲ ಅಂದಿತ್ತು. ನಾಲ್ಕು ತಿಂಗಳ ಹಿಂದೆ.

ನರಹರಿ ಸರ್ ಹತ್ತಿರ ಹೋದೆ. ಆ ಹೊತ್ತಿಗೆ ಅವರಿಗೂ ವಯಸ್ಸಾಗಿತ್ತು, ಕಂಪನಿಯನ್ನು ಯಾರಿಗಾದರೂ ಒಪ್ಪಿಸುವ ಮಾತು ನಡೆಯುತ್ತಿತ್ತು. ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು. “ಪ್ರೋಗ್ರಾಂ ತಿದ್ದಿ ಕಳಿಸು ವಸಂತಾ. ಹಳೇದು ಕೆದಕೋದಕ್ಕೆ ಹೋಗಬೇಡ” ಅಂದರು. ಕೆದಕದಿದ್ದರೆ ಆ ಹೆಂಗಸಿಗೆ ಗೊತ್ತಾಗುವುದು ಹೇಗೆ ಸರ್ ಅಂದೆ. ಅವರು ಕಿಟಕಿ ಕಡೆ ತಿರುಗಿದರು. ಲ್ಯಾಬಿನ ಡಾಕ್ಟರು ಕೂಡ, ಆಕೆ ಬಂದರೆ ಹೇಳೋಣ ಅಂದರು. ಫೋನ್ ನಂಬರಿನ ಕಾಲಮ್ಮೇ ಅವರ ಫೈಲಿನಲ್ಲಿರಲಿಲ್ಲ. ರೇಣುಕಾಗೂ ಮುಖ ಸರಿಯಾಗಿ ನೆನಪಿರಲಿಲ್ಲ. ಇದ್ದದ್ದು ಒಂದು ಹೆಸರು, ಒಂದು ಹೂವು.

ಮಾರನೆಯ ದಿನದಿಂದ ಒಂದು ಗಂಟೆ ಮುಂಚೆ ಹೊರಟೆ. ಯಶವಂತಪುರದಲ್ಲಿ ಇಳಿದು, ಮಾರ್ಕೆಟ್ಟು, ದೇವಸ್ಥಾನದ ಬೀದಿ, ಸ್ಟೇಷನ್ನಿನ ದಾರಿ, ಹೂವಿನ ಬುಟ್ಟಿ ಕಂಡಲ್ಲೆಲ್ಲ ನಿಂತು ಕೇಳುವುದು. ಕೇಳುವಾಗ ಸುಮ್ಮನೆ ನಿಲ್ಲಲಾಗುವುದಿಲ್ಲ, ಒಂದು ಮೊಳ ಹೂವು ತಗೊಳ್ಳುವುದು. ಒಬ್ಬರು, “ವೋಟರ್ ಲಿಸ್ಟಿಂದ ಬಂದ್ರಾ? ನಂದು ಎರಡು ಸಲ ತಗ್ದುಹಾಕವ್ರೆ” ಅಂದರು. ಇನ್ನೊಬ್ಬಾಕೆ ಕಟ್ಟುತ್ತಿದ್ದ ಕನಕಾಂಬರದಿಂದ ತಲೆ ಎತ್ತದೆ, “ಯಾವ ಲಕ್ಷ್ಮಮ್ಮ ಬೇಕು? ಇಲ್ಲಿ ಕಲ್ಲು ಎಸೆದ್ರೆ ಲಕ್ಷ್ಮಮ್ಮನ ತಲೆ ಮೇಲೇ ಬೀಳೋದು” ಅಂದಳು. ಸುತ್ತಲಿನವರು ನಕ್ಕರು. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ ನಾಲ್ಕು ಜನರ ನಡುವೆ ನಿಂತು ನಕ್ಕಿದ್ದು, ಅದಕ್ಕೇ ಬರೆದಿದ್ದೇನೆ.

ಐದು ಲಕ್ಷ್ಮಮ್ಮ ಸಿಕ್ಕರು. ಯಾರೂ ರಕ್ತ ಕೊಟ್ಟವರಲ್ಲ. ಹೂವು ತಗೊಂಡುಹೋಗಿ ಆಫೀಸಿನ ಬೀರುವಿನ ಮೇಲಿಡುತ್ತಿದ್ದೆ. ಮುಡಿಯುವ ಅಭ್ಯಾಸ ಬಿಟ್ಟು ಕಾಲವಾಗಿತ್ತು. ಕೋಣೆ ತುಂಬ ಮಲ್ಲಿಗೆಯ ವಾಸನೆ. ಹಾಲ್‌ನ ಯಾರೋ ಬಾಗಿಲಲ್ಲಿ ಇಣುಕಿ, “ಏನ್ ಮೇಡಂ, ಪೂಜೇನಾ?” ಅಂತ ಕೇಳಿ ಹೋದರು. ಸಂಜೆ ಕೂತು ಪ್ರೋಗ್ರಾಮು ಬದಲಾಯಿಸುತ್ತಿದ್ದೆ. ಸ್ಟ್ರ್‌ಟಾಕ್ ತೆಗೆದುಹಾಕಿ, ಒಂದೊಂದೇ ಅಕ್ಷರ ನೋಡುತ್ತಾ ಹೋಗುವ ಹಾಗೆ, ಖಾಲಿಯನ್ನೂ ಒಂದು ಕಾಲಂ ಅಂತ ಎಣಿಸುವ ಹಾಗೆ ಬರೆದೆ. ಅನುಮಾನ ಬಂದ ಸಾಲನ್ನು ಊಹೆ ಮಾಡದೆ ಪಕ್ಕಕ್ಕೆ ಎತ್ತಿಟ್ಟು ಮನುಷ್ಯರನ್ನು ಕೇಳಬೇಕು. ರೇಣುಕಾಳ ಪರದೆಯಲ್ಲಿ ಗುರುತಿಗೆಂದೇ ಬೇರೆ ಜಾಗ ಮಾಡಿಸಿದೆ. ಅದು ನಾನು ಮೊದಲೇ ಮಾಡಬೇಕಿದ್ದ ಕೆಲಸ. ಅವಳ ಅಭ್ಯಾಸ ಸರಿಯಾಗಿಯೇ ಇತ್ತು, ಅದಕ್ಕೆ ನಾನು ಜಾಗ ಕೊಟ್ಟಿರಲಿಲ್ಲ ಅಷ್ಟೆ.

ಒಂಬತ್ತನೆಯ ದಿನ, ಸ್ಟೇಷನ್ನಿನ ದಾರಿಯಲ್ಲಿ, ಬಾಗಿಲು ಹಾಕಿದ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಅವರು ಸಿಕ್ಕರು. ಬಲಗಾಲಿಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು. ಮಾರ್ಕೆಟ್ಟಿನ ಹಿಂದಿನ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದಿರಾ ಅಂತ ಕೇಳಿದೆ.

“ಕೊಟ್ಟಿದ್ದೆ. ಏನೂ ಇಲ್ಲ ಅಂದ್ರು. ನಮ್ಮವರೆಲ್ಲ ಸಕ್ಕರೆ ಸಕ್ಕರೆ ಅಂತ ಎದ್ರಿಸಿದ್ರು, ಕಾಗದ ತೋರಿಸಿ ಎಲ್ಲರ ಬಾಯಿ ಮುಚ್ಚಿಸ್ದೆ” ಅಂದರು. ದನಿಯಲ್ಲಿ ಹೆಮ್ಮೆ ಇತ್ತು. ಪಕ್ಕದಲ್ಲಿ ಅರ್ಧ ಕುಡಿದ ಟೀ ಇತ್ತು.

ಕಾಲಿಗೇನಾಯಿತು ಅಂದೆ. ಗುಲಾಬಿ ಮುಳ್ಳು ತುಳಿದರಂತೆ. ತುಳಿದದ್ದೇ ಗೊತ್ತಾಗಲಿಲ್ಲವಂತೆ, ರಕ್ತ ನೋಡಿದ ಮೇಲೆ ಗೊತ್ತಾಯಿತಂತೆ. ಒಂದೂವರೆ ತಿಂಗಳಾದರೂ ಆರಿಲ್ಲ.

ನಾನು ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ. ಬಸ್ಸಿನಲ್ಲಿ ಬರುವಾಗ ದಿನಾ ಮನಸ್ಸಿನಲ್ಲೇ ಹೇಳಿಕೊಂಡ ಮಾತನ್ನು ಹೇಳಿದೆ.

“ಆ ಕಾಗದ ತಪ್ಪು ಅಮ್ಮಾ. ನಿಮಗೆ ಸಕ್ಕರೆ ಇದೆ. ಕಾಗದ ಅಚ್ಚು ಹಾಕೋ ಪ್ರೋಗ್ರಾಮು ಬರೆದವಳು ನಾನು. ನಿಮ್ಮ ಹೆಸರಿನ ಮುಂದೆ ಹೂವು ಅಂತ ಗುರುತು ಬರೆದಿದ್ರು, ಅದು ಅಂಕಿ ಕೂರೋ ಜಾಗಕ್ಕೆ ಹೋಯ್ತು.”

ಅವರು ನನ್ನ ಕಡೆ ತಿರುಗಿದರು. “ಅಂಗಂದ್ರೆ ಊವು ತಪ್ಪಾ?”

“ಹೂವು ಸರಿಯಮ್ಮಾ. ಓದಿದ್ದು ತಪ್ಪು. ನಾನು.”

ಟೀ ಲೋಟ ಎತ್ತಿ ಮೋರಿಗೆ ಚೆಲ್ಲಿದರು. “ನಾಕು ತಿಂಗ್ಳು. ದಿನಕ್ಕೆ ನಾಕು ಲೋಟ. ಎರಡೆರಡು ಚಮಚ ಸಕ್ಕರೆ. ನೀನೇ ಕುಡಿಸಿದ್ದು ಕಣಮ್ಮಾ, ಇನ್ಯಾರೂ ಅಲ್ಲ.”

ಹೌದು ಅಂದೆ. ಅವರು ಎದ್ದರು. ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ, ನನ್ನ ಕೈ ಹಿಡಿಯದೆ, ಗೋಡೆ ಹಿಡಿದುಕೊಂಡು ಲ್ಯಾಬಿನವರೆಗೆ ನಡೆದರು. ಸಕ್ಕರೆ ಇನ್ನೂರರವತ್ತು ಇತ್ತು. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ಕಾಲು ಉಳಿಯಬಹುದು, ಬೆರಳು ಉಳಿಯಲ್ಲ ಅಂದರು ಅಲ್ಲಿಯ ಡಾಕ್ಟರು. ಮೂರು ತಿಂಗಳ ಮುಂಚೆ ಗೊತ್ತಾಗಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತೇನೋ ಅಂತಲೂ ಅಂದರು, ನಾನು ಯಾರು ಅಂತ ಗೊತ್ತಿಲ್ಲದೆ. ನರ್ಸು ಬಂದು, ನಿಮಗೆ ಅವರು ಏನಾಗಬೇಕು ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಲಕ್ಷ್ಮಮ್ಮ ಹಾಸಿಗೆಯಿಂದ, “ಏನೂ ಆಗಬೇಕಾಗಿಲ್ಲ” ಅಂದರು.

ಬಲಗಾಲಿನ ಎರಡು ಬೆರಳು ತೆಗೆದರು. ಆಫೀಸಿನಲ್ಲಿ ಯಾರಿಗೂ ಇದು ತಿಳಿಯಲಿಲ್ಲ. ನರಹರಿ ಸರ್‌ಗೆ ಮಾತ್ರ ಹೇಳಿದೆ. ಅವರು “ಯಾವ ವಾರ್ಡು?” ಅಂತ ಕೇಳಿದರು. ಹೋದರೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಕಂಪನಿ ಬೇರೆಯವರ ಕೈಗೆ ಹೋಯಿತು. ನಾನು ಒಂಬೈನೂರು ಸಾಲಿನಲ್ಲಿ ಬರೆದಿದ್ದನ್ನು ಇಮ್ರಾನ್ ಹೊಸ ಭಾಷೆಯಲ್ಲಿ, ಯಾರೋ ಬರೆದಿಟ್ಟ ಲೈಬ್ರರಿ ಇಟ್ಟುಕೊಂಡು, ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ. ನನಗೆ ಬೇಜಾರಾಗಲಿಲ್ಲ ಅಂದರೆ ಸುಳ್ಳು. ಪ್ರೋಗ್ರಾಮು ಸರಿಯಿದೆಯೇ ಅಂತ ಪರೀಕ್ಷಿಸಲು ನಾನು ಇಟ್ಟುಕೊಂಡಿದ್ದ ಹಳೆಯ ಫೈಲನ್ನು ಅವನು ತೆರೆದು, ಮೊದಲ ಸಾಲು ತೋರಿಸಿ, ಇದ್ಯಾರು ಮೇಡಂ ಲಕ್ಷ್ಮಮ್ಮ, ಹೂವು, ಅಂತ ಕೇಳಿದ. ಹೇಳಿದೆ. ಹಾಲ್‌ನಿಂದ ಊಟಕ್ಕೆ ಕರೆಯುತ್ತಿದ್ದರು, ಅವನು ಏಳಲಿಲ್ಲ. ಪೂರ್ತಿ ಕೇಳಿ, ಆ ಸಾಲನ್ನು ಹೊಸ ಪ್ರೋಗ್ರಾಮಿಗೆ ಕೊಟ್ಟು ನೋಡಿದ. ಒಂಬತ್ತು ಕಾಲಂ ಇದೆ, ಓದಲ್ಲ, ಅಂತ ಅದು ಸಾಲನ್ನು ಪಕ್ಕಕ್ಕಿಟ್ಟಿತು. “ಇರಲಿ ಮೇಡಂ, ಈ ಸಾಲು ಹಿಂಗೇ ಇರಲಿ. ಮುಂದೆ ಯಾರು ಏನೇ ಬದಲಾಯಿಸಿದ್ರೂ ಮೊದಲು ಇದನ್ನ ಹಾಕಿ ನೋಡ್ಲಿ” ಅಂದ. ಹೊಸಬರೇ, ನಿಮ್ಮ ಫೈಲಿನಲ್ಲಿ ಮೊದಲಿಗೇ ಕಾಣುವ ಸಾಲು ಅದೇ. ಬೇಡದ ಕಸ ಅಂತ ಅಳಿಸಬೇಡಿ.

ಲಕ್ಷ್ಮಮ್ಮ ಈಗಲೂ ಅದೇ ಮೆಟ್ಟಿಲ ಮೇಲೆ ಕೂರುತ್ತಾರೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಡುತ್ತಾರೆ. ಆದರೆ ಅಚ್ಚಾದ ಕಾಗದವನ್ನು ನಂಬುವುದಿಲ್ಲ. ಬೆರಳು ತೆಗೆದ ಮೇಲಿನ ಮೊದಲ ರಿಪೋರ್ಟು ಬಂದಾಗ ರೇಣುಕಾ ಓದಿಹೇಳಲು ಹೋದರೆ, “ನೀನಲ್ಲ. ತಪ್ಪು ಓದಿದಾಳಲ್ಲ, ಅವಳೇ ಬಂದು ಸರಿಯಾಗಿ ಓದ್ಲಿ” ಅಂದರಂತೆ. ಅಂದಿನಿಂದ ನಾನು ಹೋಗಿ ಓದುತ್ತೇನೆ. ನಿವೃತ್ತಿಯಾದ ಮೇಲೂ. ಅವರು ನನ್ನನ್ನು ಕ್ಷಮಿಸಿಲ್ಲ. ಊರು, ಮನೆ, ಮಕ್ಕಳು, ಯಾವುದನ್ನೂ ನಾನು ಕೇಳುವುದಿಲ್ಲ, ಅವರೂ ಕೇಳುವುದಿಲ್ಲ.

ಹೋದ ವಾರ ಹೋಗಿದ್ದೆ. ಕಾಗದವನ್ನು ಮೊಣಕಾಲ ಮೇಲೆ ಹರಡಿಕೊಂಡು, ಒಂದೊಂದು ಸಾಲಿಗೂ ಬೆರಳು ಇಟ್ಟರು. ಅವರಿಗೆ ಓದು ಬರುವುದಿಲ್ಲ, ಬೆರಳು ಮಾತ್ರ ಸಾಲು ತಪ್ಪುವುದಿಲ್ಲ.

ಹೆಸರು ಓದಿದೆ. ವಯಸ್ಸು ಓದಿದೆ. ಖಾಲಿ ಹೊಟ್ಟೆಯದ್ದು ನೂರ ಹದಿನೆಂಟು, ಒಳ್ಳೆಯದು ಅಂದೆ. ಬೆರಳು ಕೆಳಗಿಳಿಯಿತು. ಅಲ್ಲಿ ಏನೂ ಇರಲಿಲ್ಲ. ನಾನು ಯೂರಿಯಾಗೆ ಹೋದೆ.

ಬೆರಳು ಕದಲಲಿಲ್ಲ.

“ಇಲ್ಲೇನೈತೆ?”

“ಊಟ ಆದ ಮೇಲಿಂದು. ನೀವು ಮಾಡಿಸಿಲ್ಲಮ್ಮಾ. ಖಾಲಿ.”

“ಖಾಲಿ ಐತೆ ಅಂತ್ಲೇ ಓದು. ದಾಟಿಸ್ಬೇಡ.”

ಓದಿದೆ. ಆಮೇಲೆ ಬೆರಳು ಕೆಳಗಿಳಿಯಿತು. ಯೂರಿಯಾ, ಕ್ರಿಯಾಟಿನಿನ್, ಕೊನೆಯ ಸಹಿಯವರೆಗೆ. ಕಾಗದ ಮಡಚಿ ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು, ಯಾರೋ ಕೇಳಿದ ಎರಡು ಮೊಳ ಸೇವಂತಿಗೆ ಅಳೆಯುತ್ತಾ, ನನ್ನ ಕಡೆ ನೋಡದೆ ಅಂದರು:

“ಮುಂದಿನ ಸಲ ಒಂಬತ್ತಕ್ಕೆ ಮುಂಚೆ ಬಾ. ಆಮೇಲೆ ವ್ಯಾಪಾರದ ಒತ್ತು.”

ಬರುತ್ತೇನೆ ಅಂದೆ. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಆ ಹಾಳೆಯಲ್ಲಿ ಬೇರೆ ಯಾವ ಗುರುತೂ ಇಲ್ಲ.